ಅಕ್ಕನ ಚಿಮಣಿ ಪ್ಯಾಂಟು

ಹೊಸ ಖಾಕಿ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಪೂರ್ತಿ ಗಂಜಿಯದಲ್ಲ, ಪೂರ್ತಿ ಎಣ್ಣೆಯದೂ ಅಲ್ಲ; ಬಿಸಿಲಲ್ಲಿ ಒಣಗಿದ ಗೋಣಿಚೀಲದ ಹಾಗೆ ಸ್ವಲ್ಪ ಒರಟು, ಸ್ವಲ್ಪ ಬೆಚ್ಚಗೆ. ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರಿಗೆ ಸಮವಸ್ತ್ರ ಹೊಲಿಸಲೆಂದು ತಂದ ಬಟ್ಟೆ ಕ್ಲಬ್‌ಹೌಸಿನ ಮೇಜಿನ ಮೇಲೆ ಬಿದ್ದಿತ್ತು. ಕಮಿಟಿಯ ಹೆಂಗಸರು ಬಣ್ಣದ ಬಗ್ಗೆ ವಾದ ಮಾಡುತ್ತಿದ್ದರು. ನಾನು ಒಂದು ಅಂಚು ಹಿಡಿದು, ಯಾರೂ ನೋಡದ ಹಾಗೆ ಮೂಗಿನ ಹತ್ತಿರ ತಂದೆ. ಅಷ್ಟೇ… ಕ್ಲಬ್‌ಹೌಸೂ ಇಲ್ಲ, ಕಮಿಟಿಯೂ ಇಲ್ಲ. ಪಟ್ಟಂದೂರು ಅಗ್ರಹಾರದ ನಮ್ಮ ಹಳೆಯ ಬಾಡಿಗೆ ಮನೆ, ಕಿಟಕಿಯ ಕೆಳಗೆ ನನ್ನ ಕಾಲಿನ ಹೊಲಿಗೆ ಮಿಷನ್ನು, ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಮಹಡಿ ಅಕ್ಕ.

"ತಂಗಿ, ಇದರಾಗ ನನಗ ಕುಂದರಾಕ ಬರತೈತೇನ ನೋಡೂಣು!"

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ನಮ್ಮ ಮನೆಯ ಹಿಂದೆ ಇನ್ನೂ ರಾಗಿ ಹೊಲವಿತ್ತು. ಹೊಲದ ಆಚೆ ದೊಡ್ಡದೊಂದು ಐಟಿ ಪಾರ್ಕಿಗೆ ನೆಲ ಅಗೆಯುತ್ತಿದ್ದರು. ಅದು ಏನು, ಯಾಕೆ ಎಂದು ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಪಾರ್ಕು ಎಂದಮೇಲೆ ಸಂಜೆ ಹೊತ್ತು ಕೂರಲು ಕಲ್ಲುಬೆಂಚು ಹಾಕುತ್ತಾರೆ ಎಂದೇ ನಮ್ಮ ಅತ್ತೆ ನಂಬಿದ್ದರು. ಯಜಮಾನರು ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಕೆಳಗೆ ನಾವು ಮೂವರು. ಮಹಡಿಯಲ್ಲಿ ಅಕ್ಕ ಒಬ್ಬರೇ.

ಅವರ ಊರು ಬಾಗಲಕೋಟೆಯ ಕಡೆ. ಅವರ ಯಜಮಾನರು ಅಲ್ಲೇ ಕಾಲೇಜಿನಲ್ಲಿ ಮೇಷ್ಟ್ರು. ರಜೆ ಸಿಕ್ಕಾಗ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಹೊತ್ತು ಬರುತ್ತಿದ್ದರು. ಅಕ್ಕನಿಗೆ ನಲವತ್ತು ದಾಟಿತ್ತು. ದುಂಡು ಮೈ, ದುಂಡು ಮುಖ, ನಗು ಬಂದರೆ ಭುಜದಿಂದ ಶುರುವಾಗಿ ಸೊಂಟದವರೆಗೂ ಅಲುಗಾಡುವ ನಗು. ಬೆಳಿಗ್ಗೆ ಸ್ನಾನ ಮುಗಿಸಿ ಹಣೆಗೆ ಅಡ್ಡಲಾಗಿ ವಿಭೂತಿ ಎಳೆದು, ಇಳಕಲ್ ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬರುವಾಗ ನಮ್ಮ ಅಡುಗೆಮನೆಯ ಕಿಟಕಿಗೆ ಎರಡು ಸಲ ತಟ್ಟಿ ಹೋಗುವುದು ಅವರ ರೂಢಿ. ನಾನು ಹಾಲು ಕಾಯಿಸುತ್ತಾ ಒಳಗಿನಿಂದ ಸೌಟಿನಲ್ಲಿ ಒಂದು ಸಲ ತಟ್ಟುತ್ತಿದ್ದೆ. ಮಾತಿಲ್ಲ. ಅದೇ ನಮ್ಮ ನಮಸ್ಕಾರ.

ಕೆಲಸ ಮಾತ್ರ ವಿಚಿತ್ರವಾದದ್ದು. ವೈಟ್‌ಫೀಲ್ಡಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅವರು ಪರೀಕ್ಷಕಿ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಸ್ಥಾವರಗಳಿಗೆ ಈ ಪ್ರಯೋಗಾಲಯದವರು ಹೋಗಿ, ಅವುಗಳ ಚಿಮಣಿಯಿಂದ ಎಷ್ಟು ಬೂದಿ ಹೊರಗೆ ಹೋಗುತ್ತಿದೆ, ತೊಳೆದು ಬಿಟ್ಟ ನೀರಿನಲ್ಲಿ ಏನೇನಿದೆ ಎಂದು ಅಳೆದು ವರದಿ ಕೊಡಬೇಕು.

"ಕರೆಂಟ್ ಎಷ್ಟು ಬಂತು ಅಂತ ಎಲ್ಲಾರೂ ಕೇಳ್ತಾರ ತಂಗಿ. ಅದನ್ನ ಮಾಡಾಕ ಊರ ಮ್ಯಾಲೆ ಎಷ್ಟು ಬೂದಿ ಚೆಲ್ಲಿದ್ರಿ ಅಂತ ಕೇಳಾಕೂ ಒಬ್ಬರು ಬೇಕಲ್ಲ?" ಎನ್ನುತ್ತಿದ್ದರು. ಆಮೇಲೆ ಹಣೆ ಮುಟ್ಟಿಕೊಂಡು, "ಹಣಿಗೂ ಬೂದಿ, ಪಗಾರಕ್ಕೂ ಬೂದಿ. ಶಿವ ನನ್ನ ಬಿಡೂ ಹಾಂಗ ಕಾಣವಲ್ಲ" ಎಂದು ಅದೇ ಭುಜದ ನಗು.

ಇಷ್ಟು ಗೊತ್ತಾದದ್ದೇ ತಡ, ನಮ್ಮ ಬೀದಿಯವರಿಗೆಲ್ಲ ಅಕ್ಕ ವಿದ್ಯುತ್ ಇಲಾಖೆಯ ಪ್ರತಿನಿಧಿಯಾಗಿಬಿಟ್ಟರು. ಆಗ ಬೇಸಿಗೆಯೆಂದರೆ ಲೋಡ್ ಶೆಡ್ಡಿಂಗು. ದೀಪ ಆರಿದ ಕೂಡಲೇ ನಮ್ಮ ಅತ್ತೆ ಅಂಗಳಕ್ಕೆ ಬಂದು ಮಹಡಿಯ ಕಡೆ ಮುಖ ಎತ್ತಿ, "ಏನಮ್ಮಾ, ಬೂದಿ ತೂಕ ಹಾಕಿದ್ದು ಸಾಕು, ಮೊದ್ಲು ಅವರಿಗೆ ಒಂದ್ ಮಾತು ಹೇಳಿ ಕರೆಂಟ್ ಕೊಡ್ಸು!" ಎಂದು ಕೂಗುತ್ತಿದ್ದರು. ಮೇಲಿನಿಂದ ಉತ್ತರ ಬರುತ್ತಿತ್ತು: "ಹೇಳೀನ್ರಿ ಅಮ್ಮಾರ, ನಿಮ್ಮನಿ ಪಾಳಿ ನಾಳಿಗಂತ!"

ಅಕ್ಕ ಕೆಲಸದ ಬಗ್ಗೆ ಹೇಳುವಾಗ ನಾನು ಬೀನ್ಸಿನ ನಾರು ತೆಗೆಯುತ್ತಾ ಕೇಳುತ್ತಿದ್ದೆ. ಚಿಮಣಿಯ ನಡುಭಾಗದಲ್ಲಿ ಸುತ್ತಲೂ ಕಬ್ಬಿಣದ ಒಂದು ಕಟ್ಟೆ ಇರುತ್ತದಂತೆ. ಅಲ್ಲಿಂದ ಒಂದು ಸಣ್ಣ ಕೊಳವೆಯನ್ನು ಹೊಗೆಯೊಳಕ್ಕೆ ತೂರಿಸಿ, ಪಂಪಿನಿಂದ ಹೊಗೆಯನ್ನು ಎಳೆದು, ಕಾಗದದ ಒಂದು ಪುಟ್ಟ ಚೀಲದ ಮೂಲಕ ಹಾಯಿಸುತ್ತಾರೆ. ಗಾಳಿ ದಾಟಿಹೋಗುತ್ತದೆ, ಬೂದಿ ಚೀಲದಲ್ಲಿ ಉಳಿಯುತ್ತದೆ. ಮೊದಲಿನ ಖಾಲಿ ತೂಕ, ಆಮೇಲಿನ ತುಂಬಿದ ತೂಕ; ನಡುವಿನ ವ್ಯತ್ಯಾಸವೇ ಆ ಸ್ಥಾವರದ ನಡತೆ. ಆ ಚೀಲವನ್ನು ಅವರು ಥಿಂಬಲ್ ಎನ್ನುತ್ತಿದ್ದರು. ನಾನು ನನ್ನ ಹೊಲಿಗೆ ಡಬ್ಬಿಯಿಂದ ಬೆರಳಿಗೆ ಹಾಕುವ ಹಿತ್ತಾಳೆಯ ಟೋಪಿ ತೆಗೆದು, "ಅಕ್ಕ, ನಮ್ಮ ಕಾನ್ವೆಂಟಿನ ಸಿಸ್ಟರ್ ಇದನ್ನ ಥಿಂಬಲ್ ಅಂತ ಹೇಳಿಕೊಟ್ಟಿದ್ರು" ಎಂದು ತೋರಿಸಿದೆ. ಅವರು ಅದನ್ನು ತಮ್ಮ ದಪ್ಪ ಬೆರಳಿಗೆ ಸಿಕ್ಕಿಸಿಕೊಂಡು, ತಿರುಗಿಸಿ ನೋಡಿ, "ನೋಡ ಮತ್ತ, ನಮ್ಮಿಬ್ಬರದೂ ಒಂದ ಧಂದೆ" ಎಂದರು.

ಆದರೆ ಅಷ್ಟು ವರ್ಷ ಕೆಲಸ ಮಾಡಿದರೂ ಅಕ್ಕ ಒಮ್ಮೆಯೂ ಚಿಮಣಿ ಹತ್ತಿರಲಿಲ್ಲ. ಹತ್ತುವವರು ಗಂಡಸರು. ಅಕ್ಕನದು ಕೆಳಗೆ ಪೆಟ್ಟಿಗೆ ಕಾಯುವುದು, ಥಿಂಬಲ್ ಬಂದ ಮೇಲೆ ತೂಗುವುದು. ಅದು ಅವರಿಗೆ ಅಂಥ ದೊಡ್ಡ ಬೇಸರವೂ ಆಗಿರಲಿಲ್ಲ… ಒಂದು ಸ್ಥಾವರದ ವಿಷಯ ಬರುವವರೆಗೆ.

ಅದು ಯಾವ ಊರು ಎನ್ನುವುದು ಇಲ್ಲಿ ಬೇಡ. ಅಲ್ಲಿನ ಹೊಗೆಯ ಲೆಕ್ಕ ಪ್ರತಿಸಲವೂ ತುಂಬ ಚೊಕ್ಕಟವಾಗಿ ಬರುತ್ತಿತ್ತು. ಅಕ್ಕನೇ ತೂಗಿದ್ದು, ತೂಕದಲ್ಲಿ ತಪ್ಪಿಲ್ಲ. ಆದರೆ ಕೆಳಗೆ ಕಾಯುತ್ತಾ ಕೂತ ಹೊತ್ತಿನಲ್ಲಿ ಅವರು ಅಲ್ಲಿನ ಕಾಲೊನಿಯ ಹೆಂಗಸರನ್ನು ನೋಡಿದ್ದರು. ಸಂಡಿಗೆ ಒಣಗಿಸುವವರು ಅದರ ಮೇಲೊಂದು ತೆಳು ಪಂಚೆ ಹೊದಿಸುತ್ತಿದ್ದರು. ಹಗ್ಗದಿಂದ ಬಟ್ಟೆ ತೆಗೆಯುವವರು ಪ್ರತಿಯೊಂದನ್ನೂ ಜೋರಾಗಿ ಕೊಡವಿ, ಮುಖ ಆಚೆ ತಿರುಗಿಸುತ್ತಿದ್ದರು. ಆ ಮುಖ ತಿರುಗಿಸುವುದನ್ನು ಅಕ್ಕ ನಮ್ಮ ಅಡುಗೆಮನೆಯಲ್ಲಿ ನಿಂತು ಮಾಡಿ ತೋರಿಸಿದರು.

"ಕಾಗದದ ಮ್ಯಾಲೆ ಸ್ವಚ್ಛ, ಹಗ್ಗದ ಮ್ಯಾಲೆ ಬೂದಿ. ಹೆಂಗ ತಂಗಿ?"

ಹೇಗೆ ಎನ್ನುವುದನ್ನೂ ಅವರೇ ಊಹಿಸಿದ್ದರು. ಹೊಗೆ ಯಾವ ವೇಗದಲ್ಲಿ ಮೇಲೆ ಹೋಗುತ್ತದೋ ಅದೇ ವೇಗದಲ್ಲಿ ನಮ್ಮ ಕೊಳವೆಯೂ ಎಳೆಯಬೇಕಂತೆ. ಪಂಪನ್ನು ಜೋರು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಲೆಕ್ಕ ಕೆಡುತ್ತದೆ. ನನಗೆ ಅರ್ಥವಾಗಲಿಲ್ಲ. ಜೋರಾಗಿ ಎಳೆದರೆ ಬೂದಿ ಜಾಸ್ತಿಯೇ ಬರಬೇಕಲ್ಲವೇ?

"ಹಂಗಲ್ಲ. ಸಂತಿಯೊಳಗ ಹಾದಿ ಬಾಜೂಕ ಒಂದು ಚಾದಂಗಡಿ ಐತಿ ಅಂತ ತಿಳಿ. ಕೈ ಬೀಸ್ಕೊಂತ ಹೊಂಟಾಂವನ್ನ 'ಬಾರೋ' ಅಂದ್ರ ಪಟಕ್ನ ಹೊಳ್ಳಿ ಒಳಗ ಬರತಾನ. ತಲಿ ಮ್ಯಾಲೆ ಮೂಟಿ ಹೊತ್ತಾಂವ ಹೊಳ್ಳತಾನೇನು? ಸೀದಾ ಹೋಗತಾನ. ಗಾಳಿ ಕೈ ಬೀಸಾಂವ, ಬೂದಿ ಮೂಟಿ ಹೊತ್ತಾಂವ. ನಾವು ಜೋರು ಎಳದ್ರ ಬಾಜೂದ ಗಾಳಿ ಎಲ್ಲಾ ಒಳಗ ಬರತೈತಿ, ಬೂದಿ ದಾಟಿ ಹೋಗತೈತಿ. ಆಮ್ಯಾಲೆ 'ನೋಡ್ರಿ, ಹೊಗಿ ಎಷ್ಟು ಸ್ವಚ್ಛ' ಅಂತೀವಿ!"

"ಅಂದ್ರೆ ಅವರು ಮೋಸ ಮಾಡ್ತಿದಾರಾ ಅಕ್ಕ?"

"ಮೋಸ ಅಲ್ಲ ತಂಗಿ, ಅವಸರ. ಮ್ಯಾಲೆ ಬಿಸಲು, ಕೆಳಗ ಊಟ."

ಆದ್ದರಿಂದ ಈ ಸಲ ತಾವೇ ಹತ್ತಬೇಕು, ತಾವೇ ಪಂಪಿನ ಪಕ್ಕ ನಿಂತು ನಿಧಾನವಾಗಿ ಎಳೆಸಬೇಕು ಎಂದು ಅಕ್ಕ ನಿಶ್ಚಯಿಸಿದರು. ಅವರ ಸಾಹೇಬರು ಬೆಂಗಳೂರಿನವರೇ, ಒಳ್ಳೆಯ ಮನುಷ್ಯ, ಬೇಡ ಎನ್ನಲಿಲ್ಲ. "ಮೇಡಂ, ನಂಗೇನೂ ಅಭ್ಯಂತರ ಇಲ್ಲ. ಆದ್ರೆ ಅಲ್ಲಿ ಸೇಫ್ಟಿಯೋರು ಬಿಡಲ್ಲ. ಸೀರೆ ನಡೆಯಲ್ಲ, ದುಪಟ್ಟಾ ನಡೆಯಲ್ಲ, ನೈಲಾನ್ ನಡೆಯಲ್ಲ. ದಪ್ಪ ಕಾಟನ್ ಪ್ಯಾಂಟು, ತುಂಬು ತೋಳಿನ ಶರಟು. ಹಾಕ್ಕೊಂಡ್ ಬನ್ನಿ, ಹತ್ತಿ" ಎಂದರಂತೆ. ಅಕ್ಕ ಹಾಕಿಕೊಂಡು ಬರುತ್ತಾರೆಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಮುಂದಿನ ಪ್ರವಾಸ ಹತ್ತಿರದಲ್ಲೇ ಇತ್ತು. ಅಷ್ಟರೊಳಗೆ ಪ್ಯಾಂಟು ಸಿಗದಿದ್ದರೆ ಮತ್ತೆ ಕೆಳಗೇ ಕೂರಬೇಕು. ಮತ್ತೆ ಅವಸರದ ಥಿಂಬಲ್ಲು, ಮತ್ತೆ ಚೊಕ್ಕಟ ವರದಿ.

ಸುಲಭ ಎಂದುಕೊಂಡು ನಾವಿಬ್ಬರೂ ಮಾರತ್ತಹಳ್ಳಿಗೆ ಬಸ್ಸು ಹತ್ತಿದೆವು. ರೆಡಿಮೇಡ್ ಅಂಗಡಿಯ ಗಂಡಸರ ಪ್ಯಾಂಟು ಅಕ್ಕನಿಗೆ ಸೊಂಟದಲ್ಲಿ ಸಡಿಲ, ಅದರ ಕೆಳಗೆ ಬಿಗಿ. ಲೇಡೀಸ್ ಟೈಲರ್ ಕಣ್ಣರಳಿಸಿದ. "ಪ್ಯಾಂಟಾ ಮೇಡಂ? ಬೇಡ ಮೇಡಂ, ಪಟಿಯಾಲ ಹೊಲ್ದು ಕೊಡ್ತೀನಿ. ಸಕ್ಕತ್ ಗಾಳಿ ಆಡತ್ತೆ." ಪಕ್ಕದ ಜೆಂಟ್ಸ್ ಟೈಲರ್ ಕುತ್ತಿಗೆಯಲ್ಲಿದ್ದ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡತೊಡಗಿದ. "ಅಕ್ಕ, ಲೇಡೀಸ್ ಅಳತೆ ನಾವು ತಗೊಳಲ್ಲ ಅಕ್ಕ. ಸಾರ್ ಅಳತೆ ಇದ್ರೆ ಕೊಡಿ."

"ಸಾರ್ ಹತ್ತಾಂಗಿಲ್ಲಪಾ, ನಾ ಹತ್ತಾಕಿ."

"ಎಲ್ಲಿಗೆ ಹತ್ತೋದು ಅಕ್ಕ?"

"ಚಿಮಣಿ!"

ಅವನು ಟೇಪನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಪ್ಯಾಂಟು ಹೊಲಿಯಬಲ್ಲವರು ಹೆಂಗಸನ್ನು ಅಳೆಯುವುದಿಲ್ಲ, ಹೆಂಗಸನ್ನು ಅಳೆಯುವವರಿಗೆ ಪ್ಯಾಂಟು ಬರುವುದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಹೊರಗೆ ನೋಡುತ್ತಾ ಕೂತಿದ್ದರು. ಕಿಟಕಿಯ ಆಚೆ ಕಟ್ಟಡವೊಂದು ಏಳುತ್ತಿತ್ತು. ಅಕ್ಕನ ಊರ ಕಡೆಯಿಂದಲೇ ಕೂಲಿಗೆ ಬಂದ ಹೆಂಗಸೊಬ್ಬಳು ಸೀರೆಯ ಮೇಲೆ ಗಂಡಸಿನ ಅಂಗಿ ತೊಟ್ಟು, ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತು ಬಿದಿರಿನ ಏಣಿ ಏರುತ್ತಿದ್ದಳು. "ನೋಡ ಅಕಿನ್ನ. ಅಕಿನ್ನ ಯಾವ ಸೇಫ್ಟಿಯಾಂವನೂ ಬಂದು ಕೇಳಿಲ್ಲ" ಎಂದರು ಅಕ್ಕ. ನಗಲಿಲ್ಲ.

ನಾನು ಹೊಲೀತೀನಿ ಎಂದು ಬಾಯಿಂದ ಬಂದದ್ದು ಆಗಲೇ.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಕರವಸ್ತ್ರದ ಅಂಚಿಗೆ ಗುಲಾಬಿ ಮೊಗ್ಗು ಹಾಕುವುದು, ಮಗುವಿನ ಟೋಪಿಗೆ ನೆರಿಗೆ ಹಿಡಿಯುವುದು, ಒಳಭಾಗವೂ ಹೊರಭಾಗದಷ್ಟೇ ಚೆನ್ನಾಗಿರಬೇಕು ಎನ್ನುವುದು ಎಲ್ಲ ಕಲಿಸಿದ್ದರು. ಪ್ಯಾಂಟು ಕಲಿಸಿರಲಿಲ್ಲ. ಹಾಗಾಗಿ ಯಜಮಾನರು ಕೆಲಸಕ್ಕೆ ಹೋದಾಗ ಅವರದೊಂದು ಪ್ಯಾಂಟಿನ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಚಾಪೆಯ ಮೇಲೆ ಹರಡಿ, ಯಾವುದು ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡೆ. ಸಂಜೆ ಬಂದವರು ಚಾಪೆಯ ಮುಂದೆ ನಿಂತರು.

"ಇದು ನನ್ ಮದುವೆ ಪ್ಯಾಂಟಲ್ವೇನೇ?"

"ನಾಳೆ ಜೋಡಿಸಿ ಕೊಡ್ತೀನಿ."

"ಎಲ್ಲರ ಮನೇಲಿ ಗಂಡನ ಪ್ಯಾಂಟಿನ ಜೇಬು ನೋಡ್ತಾರೆ. ನಮ್ಮನೇಲಿ ಪೂರ್ತಿ ಪೋಸ್ಟ್‌ಮಾರ್ಟಮ್ಮೇ" ಎಂದು ಅವರು ಅಡುಗೆಮನೆಗೆ ಕಾಫಿ ಹುಡುಕಿಕೊಂಡು ಹೋದರು.

ಬಟ್ಟೆ ಚಿಕ್ಕಪೇಟೆಯಿಂದ ಬಂತು. ದಪ್ಪ ಹತ್ತಿಯ ಖಾಕಿ. ಮಿಷನ್ನಿನ ಸೂಜಿ ಮುರಿಯಿತು, ಇನ್ನೊಂದು ಹಾಕಿದೆ. ಜೇಬುಗಳ ಬಗ್ಗೆ ಅಕ್ಕನದು ನೂರು ಸೂಚನೆ: ಮೇಲಿನಿಂದ ಏನೂ ಕೆಳಗೆ ಬೀಳಬಾರದು, ಪೆನ್ಸಿಲ್ ಬಿದ್ದರೂ ಕೆಳಗಿದ್ದವರ ತಲೆ ಒಡೆಯುತ್ತದೆ. ಆದ್ದರಿಂದ ಪ್ರತಿ ಜೇಬಿಗೂ ಮುಚ್ಚಳ, ಪೆನ್ಸಿಲ್ಲಿಗೆ ಒಂದು ದಾರ. ಇದನ್ನೆಲ್ಲ ನಮ್ಮ ಅತ್ತೆ ಗೋಡೆಗೊರಗಿ ಕೂತು ನೋಡುತ್ತಾ ಇದ್ದರು.

"ನಾವು ಒಲೆ ಮುಂದೆ ಹುಟ್ಟಿ ಒಲೆ ಮುಂದೆ ಮುದುಕೀರಾದ್ವಿ. ಕಣ್ಣೆಲ್ಲ ಹೊಗೆ. ಅದು ಸಾಲ್ದು ಅಂತ ಇವಳು ಹೊಗೇನ ಹುಡುಕ್ಕೊಂಡ್ ಮೇಲಕ್ಕೆ ಹತ್ತುತಾಳಂತೆ. ನೀನು ಅವಳಿಗೆ ಚಡ್ಡಿ ಹೊಲ್ದು ಕೊಡ್ತೀಯಂತೆ!"

"ಚಡ್ಡಿ ಅಲ್ಲ ಅತ್ತೆ, ಪ್ಯಾಂಟು."

"ಏನೋ ಒಂದು. ಎರಡು ಕಾಲಿದೆ ತಾನೇ?"

ಮೊದಲ ಸಲ ಹಾಕಿಕೊಂಡು ಬಂದಾಗ ಅಕ್ಕ ಬಾಗಿಲಲ್ಲೇ ನಿಂತರು. ನಲವತ್ತು ದಾಟಿದ ಮೇಲೆ ಮೊದಲ ಪ್ಯಾಂಟು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ, ಇಲ್ಲದ ಸೆರಗನ್ನು ಎರಡು ಸಲ ಸರಿಮಾಡಿಕೊಂಡರು. ಆಮೇಲೆ ಧೈರ್ಯ ಬಂದು ಸೊಂಟದ ಮೇಲೆ ಕೈಯಿಟ್ಟು, ಕೂರಲು ಬರುತ್ತದೆಯೋ ನೋಡೋಣ ಎಂದು ಕುಕ್ಕರುಗಾಲಲ್ಲಿ ಕೂತರು. ಚರ್ರ್! ಆ ಸದ್ದು ಬೀದಿಗೂ ಕೇಳಿಸಿರಬೇಕು. ಅಕ್ಕ ಎದ್ದೇಳಲಿಲ್ಲ, ಹಾಗೆಯೇ ನೆಲಕ್ಕೆ ಉರುಳಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಾನು ಮಿಷನ್ನಿಗೆ ಹಣೆಯಿಟ್ಟು ನಕ್ಕೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಶಿವ ಶಿವಾ, ಕೆಳಗೇ ಹರೀತಲ್ಲ, ಪುಣ್ಯ!" ಎಂದರು. ಅಷ್ಟು ನಕ್ಕ ಮಧ್ಯಾಹ್ನ ನನ್ನ ಬದುಕಿನಲ್ಲಿ ಇನ್ನೊಂದು ಇಲ್ಲ…

ಎರಡು ಕಾಲು ಸೇರುವ ಕಡೆ ಒಂದು ಚೌಕದ ತುಂಡು ಸೇರಿಸಿ ಮತ್ತೆ ಹೊಲಿದೆ. ಪರೀಕ್ಷೆಗೆ ನಮ್ಮ ತಾರಸಿಯ ನೀರಿನ ಟ್ಯಾಂಕಿಗೆ ಹೋಗುವ ಕಬ್ಬಿಣದ ಏಣಿ. ಅಕ್ಕ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಬೀದಿಯ ಮಂದಿ ನಿಂತು ನೋಡಿದರು. ಟ್ಯಾಂಕು ತೊಳೆಯುವುದಕ್ಕೆ ಎಂದು ನಾನು ಕೇಳಿದವರಿಗೆಲ್ಲ ಹೇಳಿದೆ. ಅತ್ತೆ ಮಾತ್ರ ನಗದೆ, ಏಣಿಯ ಬುಡದಲ್ಲಿ ನಿಂತು ಅಕ್ಕನ ಪಾದಗಳನ್ನೇ ನೋಡುತ್ತಿದ್ದರು.

"ಇಲ್ನೋಡೇ. ಕಾಲಿನ ತುದಿ ಇಷ್ಟಗಲ ಬಿಟ್ಟಿದೀಯ. ಇಳಿಯೋವಾಗ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತೆ. ಲಾಡಿ ಹಾಕು."

"ಪ್ಯಾಂಟಿನ ಕಾಲಿಗೆ ಲಾಡಿ ಹಾಕ್ತಾರಾ ಅತ್ತೆ?"

"ಯಾರ್ ಹಾಕ್ತಾರೋ ಬಿಡ್ತಾರೋ. ನನ್ನ ಸೀರೆ ಅಂಚು ಒಲೆಗೆ ಸಿಕ್ಕಿ ಉರಿದಾಗ ಗೊತ್ತಾಯ್ತು ನಂಗೆ. ಹಾಕು."

ಹಾಕಿದೆ. ಪಾದದ ಮೇಲೆ ಎಳೆದು ಕಟ್ಟಿಕೊಳ್ಳುವ ಹಾಗೆ, ಎರಡು ಕಾಲಿಗೂ ಲಾಡಿ. ಪ್ರಪಂಚದಲ್ಲಿ ಅಂಥ ಪ್ಯಾಂಟು ಅದೊಂದೇ ಇದ್ದಿರಬೇಕು.

ಅಕ್ಕ ಹೊರಟ ದಿನ ಬೆಳಿಗ್ಗೆ ಕಿಟಕಿಗೆ ತಟ್ಟಿದ ಸದ್ದಿಗೆ ನಾನು ಸೌಟು ಬಿಟ್ಟು ಹೊರಗೆ ಓಡಿ ಬಂದೆ. ಅವರು ಇಳಕಲ್ ಸೀರೆಯಲ್ಲೇ ಇದ್ದರು, ಪ್ಯಾಂಟು ಚೀಲದಲ್ಲಿತ್ತು. "ನಿಧಾನ ಅಕ್ಕ" ಎಂದೆ. "ಅದಕ್ಕ ಹೊಂಟೀನಲ್ಲ, ನಿಧಾನ ಮಾಡಾಕ" ಎಂದರು.

ಅಲ್ಲಿ ನಡೆದದ್ದನ್ನು ಅವರು ಬಂದಮೇಲೆ ಎಷ್ಟು ಸಲ ಹೇಳಿದರೋ, ನಾನು ಎಷ್ಟು ಸಲ ಹೇಳಿಸಿಕೊಂಡೆನೋ. ಸೇಫ್ಟಿಯವನು ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ, ಲಾಡಿಯ ಹತ್ತಿರ ಕಣ್ಣು ನಿಲ್ಲಿಸಿ, ರೂಲಿನಲ್ಲಿ ಲಾಡಿ ಬೇಡ ಅಂತ ಎಲ್ಲೂ ಇಲ್ಲ ಎಂದು ತಾನೇ ಒಪ್ಪಿಕೊಂಡನಂತೆ. ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್ಟು. ಮೇಲಿನ ಕಟ್ಟೆಯಲ್ಲಿ ಅಕ್ಕ ಹೊಗೆಯ ವೇಗ ಅಳೆದು, ಪಂಪಿನ ಓಟವನ್ನು ಅದಕ್ಕೆ ಸರಿಯಾಗಿ ಕೂಡಿಸಿ, ಅಲ್ಲಿಂದ ಕದಲದೆ ನಿಂತರು. ಜೊತೆಯಲ್ಲಿದ್ದ ಸಹೋದ್ಯೋಗಿಗೆ ಹಸಿವು.

"ಮೇಡಂ, ಇಷ್ಟ್ ಸಾಕು ಮೇಡಂ. ಸ್ವಲ್ಪ ಜೋರು ಮಾಡೋಣ, ಕೆಳಗೆ ಅನ್ನ ಆರೋಗತ್ತೆ."

"ಹೊಗಿಗೆ ಹೇಳ್ರಿ ಜೋರ್ ಮಾಡು ಅಂತ. ಅದು ಮಾಡಿದ್ರ ನಾನೂ ಮಾಡ್ತೀನಿ."

ಬಂದ ಸಂಜೆಯೇ ಊರಿನಲ್ಲಿದ್ದ ತಾಯಿಗೆ ಸುದ್ದಿ ಹೇಳಬೇಕೆಂದು ಅಕ್ಕ ನನ್ನನ್ನು ಕರೆದುಕೊಂಡು ನಮ್ಮ ಬೀದಿಯ ತುದಿಯ ಎಸ್‌ಟಿಡಿ ಬೂತಿಗೆ ಹೋದರು. ಅಲ್ಲಿ ಅವರ ಮನೆಯಲ್ಲಿ ಫೋನಿರಲಿಲ್ಲ. ಕಿರಾಣಿ ಅಂಗಡಿಗೆ ಮಾಡಿ, ಅವರು ಹೋಗಿ ಕರೆತರಬೇಕು. ಗಾಜಿನ ಗೂಡಿನಲ್ಲಿ ನಾವಿಬ್ಬರೂ ಒತ್ತರಿಸಿಕೊಂಡು ನಿಂತೆವು. ಗೊರಗೊರ ಸದ್ದಿನ ನಡುವೆ ಮುದುಕಿಯ ಗಟ್ಟಿ ದನಿ ನನಗೂ ಕೇಳಿಸುತ್ತಿತ್ತು.

"ಯವ್ವಾ, ನಾ ಚಿಮಣಿ ಹತ್ತೀನಿ!"

"ಏನಂದಿ?"

"ಚಿಮಣಿ! ಹತ್ತೀನಿ!"

"ಚಿಮಣಿ ಹಚ್ಚೀದಿ? ಯಾಕಬೇ, ಕರೆಂಟ್ ಹೋಗೇತೇನು?"

ಅಕ್ಕ ರಿಸೀವರನ್ನು ಎದೆಗೊತ್ತಿಕೊಂಡು ನನ್ನ ಕಡೆ ನೋಡಿದರು. ಅವರ ಕಡೆ ಚಿಮಣಿ ಎಂದರೆ ಸೀಮೆಎಣ್ಣೆಯ ಬುಡ್ಡಿ ದೀಪ. ಮಗಳು ಇಷ್ಟು ದೂರದಿಂದ ಫೋನು ಮಾಡಿ ಬುಡ್ಡಿ ದೀಪ ಹಚ್ಚಿದೆ ಎನ್ನುತ್ತಿದ್ದಾಳೆ!

"ಹಚ್ಚಿಲ್ಲಬೇ, ಹತ್ತೀನಿ! ಕರೆಂಟ್ ಮಾಡೂ ಫ್ಯಾಕ್ಟರಿಗೆ ಹೋಗಿದ್ನಿ, ಅಲ್ಲಿ…"

"ಕರೆಂಟ್ ಮಾಡೂ ಫ್ಯಾಕ್ಟರಿಯೊಳಗ ಚಿಮಣಿ ಹಚ್ಚಿದ್ರ ಮಂದಿಗೆ ಏನ್ ಕೊಡ್ತಾರ ಅವ್ರು! ಅದಕ್ಕ ನಮ್ಮೂರಾಗ ಮೂರ್ಹೊತ್ತು ಕತ್ತಲಿ!" ಆ ಕಡೆ ಅಂಗಡಿಯವರಿಗೂ ಈ ಸುದ್ದಿ ತಲುಪಿಸುತ್ತಿರುವುದು ಕೇಳಿಸಿತು.

"ಏರೀನಬೇ! ನಿಚ್ಚಣಿಕಿ ಏರಿದಂಗ, ಹೊಗಿ ಹೋಗೂ ಗೋಪುರ ಏರೀನಿ!"

"ಬಿದ್ದೀಯೇನ?"

"ಇಲ್ಲ!"

"ಮತ್ತ ಅದನ್ನ ಮೊದಲ ಹೇಳೂದಲ್ಲ?"

ಬೂತಿನವನು ಗಾಜು ತಟ್ಟಿ, "ಮೇಡಂ, ಮೆತ್ತಗೆ ಮೇಡಂ, ಬೀದಿಗೆಲ್ಲ ಕೇಳ್ತಿದೆ" ಎಂದ. ನಮಗೆ ನಗು ತಡೆಯಲಾಗದೆ ಉಸಿರು ಸಿಕ್ಕಿಕೊಂಡು ಗಾಜಿನ ಗೂಡೆಲ್ಲ ಮಂಜಾಗಿತ್ತು. ಆ ವಾರವೆಲ್ಲ ದೀಪ ಹೋದಾಗಲೆಲ್ಲ ಮಹಡಿಯಿಂದ "ಚಿಮಣಿ ಹತ್ತೂಣೇನ್ ತಂಗಿ?" ಎಂಬ ಕೂಗು ಬರುತ್ತಿತ್ತು.

ಇನ್ನು ತೂಕ. ಅಕ್ಕನ ಥಿಂಬಲ್ಲಿನಲ್ಲಿ ಸಿಕ್ಕ ಬೂದಿ ಹಿಂದಿನ ವರದಿಗಳನ್ನೆಲ್ಲ ಸುಳ್ಳು ಮಾಡುವಷ್ಟಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಅಕ್ಕ ಹೇಳಿದ್ದನ್ನು ನಂಬಿದರೆ ಹಳೆಯದೆಲ್ಲ ತಪ್ಪು, ಹಳೆಯದನ್ನು ನಂಬಿದರೆ ಅಕ್ಕ ತಪ್ಪು. ಅಕ್ಕ ಆ ದಿನಗಳಲ್ಲಿ ನಮ್ಮ ಮನೆಗೆ ಬಂದರೂ ಕಾಫಿ ಆರುವವರೆಗೆ ಲೋಟ ಹಿಡಿದೇ ಕೂತಿರುತ್ತಿದ್ದರು. "ಸಹಿ ಹಾಕವಲ್ರು ತಂಗಿ. ಇಲ್ಲ ಅಂತನೂ ಅನ್ನವಲ್ರು."

ಕಡೆಗೆ ಸಾಹೇಬರು ಮಾಡಿದ ಕೆಲಸಕ್ಕೆ ನಾನು ಇಂದಿಗೂ ಅವರಿಗೆ ಮನಸ್ಸಿನಲ್ಲಿ ಕೈಮುಗಿಯುತ್ತೇನೆ. ಅವರು ಅಕ್ಕನನ್ನೂ ಕರೆದುಕೊಂಡು ತಾವೇ ಅಲ್ಲಿಗೆ ಹೋಗಿ, ತಮ್ಮ ಬೊಜ್ಜು ಹೊತ್ತು, ಆ ಏಣಿ ಹತ್ತಿದರು. ಅಕ್ಕ ಮುಂದೆ, ಸಾಹೇಬರು ಹಿಂದೆ. ನಿಧಾನದ ಓಟದಲ್ಲಿ ಮತ್ತೊಮ್ಮೆ ಎಳೆಸಿದರು. ಅಷ್ಟೇ ಬೂದಿ ಬಂತು. ಇಳಿಯುವಾಗ ಅವರ ರೆಡಿಮೇಡ್ ಕಾಟನ್ ಪ್ಯಾಂಟು ನಡುವಿನಲ್ಲಿ ಚರ್ರೆಂದಿತು. ಕೆಳಗೆ ನಿಂತವರೆಲ್ಲ ಆಕಾಶ ನೋಡಿದರು. ಸಾಹೇಬರು ಫೈಲನ್ನು ಹಿಂದಕ್ಕೆ ಹಿಡಿದುಕೊಂಡು ನಡೆಯುತ್ತಾ ಅಕ್ಕನಿಗೆ ಹೇಳಿದ ಮೊದಲ ಮಾತು, "ಮೇಡಂ, ನಿಮ್ ಲೆಕ್ಕ ಸರಿ." ಎರಡನೆಯದು, "ಈ ಪ್ಯಾಂಟ್ ಹೊಲಿದೋರು ಯಾರು?"

ವರದಿಯನ್ನು ಕೊಡಲು ಹೋದಾಗ ಸ್ಥಾವರದವರು ಜಗಳ ಮಾಡುತ್ತಾರೆ ಎಂದು ಅಕ್ಕ ಸಿದ್ಧವಾಗಿಯೇ ಹೋಗಿದ್ದರು. ಆದದ್ದೇ ಬೇರೆ. ಅಲ್ಲಿನ ಒಬ್ಬ ವಯಸ್ಸಾದ ಎಂಜಿನಿಯರು ಕಾಗದವನ್ನು ಓದಿ, ಎದ್ದು ನಿಂತು, ಅಕ್ಕನಿಗೆ ಚಹಾ ತರಿಸಿದರಂತೆ. ಹೊಗೆಯಿಂದ ಬೂದಿ ಹಿಡಿಯುವ ಯಂತ್ರದ ಒಂದು ಭಾಗ ಕೆಟ್ಟು ಕೂತು ಬಹಳ ಕಾಲವಾಗಿತ್ತು. ರಿಪೇರಿಗೆ ಅವರು ಬರೆದಾಗಲೆಲ್ಲ ಮೇಲಿನ ಕಚೇರಿಯವರು, ವರದಿ ಚೊಕ್ಕಟವಾಗಿದೆಯಲ್ಲ, ಯಾಕೆ ರಿಪೇರಿ ಎನ್ನುತ್ತಿದ್ದರಂತೆ. "ನಿಮ್ಮ ಹೊಗಳಿಕೆಯಿಂದ್ಲೇ ನಾವು ಹಾಳಾಗಿದ್ವಿ ಮೇಡಂ. ಒಬ್ಬರಾದ್ರೂ ಬೈದ್ರಲ್ಲ" ಎಂದರಂತೆ ಆ ಎಂಜಿನಿಯರು.

ರಿಪೇರಿ ಆಯಿತು. ಅಕ್ಕ ಮತ್ತೆ ಹತ್ತಿ ಅಳೆದರು, ಆಗ ನಿಜವಾಗಿಯೂ ಕಡಿಮೆ ಬಂತು. ಆ ಸಲ ಅಲ್ಲಿನ ಕಾಲೊನಿಯ ಹೆಂಗಸರು ಕೊಟ್ಟ ಸಂಡಿಗೆಯ ಪೊಟ್ಟಣ ತಂದರು. ನಾನು ಕರಿದೆ, ಅತ್ತೆ ಒಂದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ಬೆಳ್ಳಗೇ ಇದೆ" ಎಂದು ಬಾಯಿಗೆ ಹಾಕಿಕೊಂಡರು. ಆಮೇಲೆ ನಾನು ಸಾಹೇಬರಿಗೂ ಒಂದು ಪ್ಯಾಂಟು ಹೊಲಿದೆ, ಲಾಡಿ ಸಮೇತ. ಅಳತೆಯನ್ನು ಅವರು ಅಕ್ಕನ ಕೈಯಲ್ಲಿ ಕಳಿಸಿದ್ದರು, ನಮ್ಮ ಯಜಮಾನರು ಅದನ್ನು ಓದಿ ತಮ್ಮ ಸೊಂಟದ ಬಗ್ಗೆ ಸಮಾಧಾನಪಟ್ಟರು.

ಕೆಲವು ವರ್ಷಗಳಾದ ಮೇಲೆ ಅಕ್ಕನಿಗೆ ಬೇರೆ ರಾಜ್ಯಗಳ ಸ್ಥಾವರಗಳನ್ನೂ ನೋಡುವ ದೊಡ್ಡ ಕೆಲಸ ಸಿಕ್ಕಿತು. ಮಹಡಿ ಖಾಲಿ ಮಾಡಿ ಹೋದರು. ಐಟಿ ಪಾರ್ಕು ಎದ್ದು ನಿಂತಿತು, ರಾಗಿ ಹೊಲ ಹೋಯಿತು, ನಾವೂ ಆ ಮನೆ ಬಿಟ್ಟೆವು, ಅತ್ತೆ ತೀರಿಕೊಂಡರು. ಹಬ್ಬಕ್ಕೆ ಅಕ್ಕನ ಫೋನು ಬರುತ್ತಿತ್ತು. ವರ್ಷ ಕಳೆದ ಹಾಗೆ ಅವರ ನಗು ಭುಜದಲ್ಲೇ ನಿಂತುಹೋಗುತ್ತಿದೆ ಎಂದು ಫೋನಿನಲ್ಲೇ ನನಗೆ ತಿಳಿಯುತ್ತಿತ್ತು… ಎರಡು ವರ್ಷದ ಹಿಂದೆ ಆ ನಂಬರಿನಿಂದ ಅವರ ಯಜಮಾನರ ದನಿ ಬಂತು. ಅಕ್ಕ ಇಲ್ಲವೆಂದು ಅಷ್ಟರಲ್ಲೇ ತಿಳಿಯಿತು.

ಮೊನ್ನೆ ಬಂಧುಗಳ ಮದುವೆಗೆಂದು ಆ ಸ್ಥಾವರದ ಊರಿನ ಕಡೆ ರೈಲಿನಲ್ಲಿ ಹೋದೆವು. ಬೆಳಗಿನ ಹೊತ್ತು, ಬಯಲು, ಬಯಲಿನ ಕೊನೆಯಲ್ಲಿ ಚಿಮಣಿ. ಆ ಚಿಮಣಿಗೆಂದು ಪ್ಯಾಂಟು ಹೊಲಿದವಳು ನಾನು. ಕಣ್ಣಾರೆ ನೋಡಿದ್ದು ಆವತ್ತೇ ಮೊದಲು. ನಾನು ನಮ್ಮ ನೀರಿನ ಟ್ಯಾಂಕಿನ ಏಣಿಯನ್ನು ಸ್ವಲ್ಪ ಉದ್ದ ಮಾಡಿ ಕಲ್ಪಿಸಿಕೊಂಡಿದ್ದೆ, ಅಷ್ಟೇ. ಇದು ಹಾಗಿರಲಿಲ್ಲ. ಅದರ ನಡುವಿನಲ್ಲಿ ಬಳೆಯಷ್ಟು ಸಣ್ಣಗೆ ಒಂದು ಕಟ್ಟೆ ಕಂಡಿತು. ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಅವರು ಕಿಟಕಿಗೆ ಮುಖವಿಟ್ಟು ಬಹಳ ಹೊತ್ತು ನೋಡಿದರು.

"ಅಷ್ಟು ಎತ್ತರಕ್ಕಾ? ಹೆದರಿಕೆ ಆಗ್ಲಿಲ್ವಂತಾ ಅವರಿಗೆ?"

ಯಾವ ಜೇಬು ಅನುಕೂಲವಾಯಿತು, ಯಾವ ಮೊಣಕಾಲು ಸವೆಯಿತು, ಲಾಡಿ ಬಿಚ್ಚಿಕೊಂಡಿತೇ, ಎಲ್ಲ ಕೇಳಿ ತಿಳಿದಿದ್ದೆ. ಇದೊಂದನ್ನು ಕೇಳಬೇಕೆಂದು ತೋಚಿಯೇ ಇರಲಿಲ್ಲ. ಅವರು ಹೇಳಿದ್ದೆಲ್ಲ ನಗುವಿನ ಮಾತುಗಳೇ ಆಗಿದ್ದವು. ಈಗ ಕೇಳೋಣವೆಂದರೆ…

ರೈಲು ತಿರುವು ತೆಗೆದುಕೊಂಡಿತು. ಚಿಮಣಿ ನಮ್ಮ ಕಿಟಕಿಯಿಂದ ಎದುರಿನವರ ಕಿಟಕಿಗೆ ಹೋಯಿತು.

"ಹೆದರಿರ್ಬೇಕು ಕಣ್ರೀ" ಎಂದೆ. "ಇಳಿದು ಬಂದಮೇಲೆ ಅಷ್ಟೊಂದು ನಗಬೇಕು ಅಂದ್ರೆ…"